ಬೇವಿನ ಬೆಂಚಿನ ಖಾಲಿ ಜಾಗ

ಮಲ್ಲಪ್ಪ ಕಾಕಾ,

ಅವರು ಕೊಡುತ್ತೇವೆ ಎಂದದ್ದು ಇಷ್ಟು. ಟಿಕೋಟಾ ದಾರಿ ವಿಜಾಪುರ ಸೇರುವಲ್ಲಿ ಸಾವಕಾರರು ಮಾಡಿಸುವ ತೋಟ ಎಲ್ಲರ ತೋಟ ಎಂದರು. ಬಾವಿಯ ನೀರು ಎಲ್ಲರಿಗೆ ಎಂದರು. ಸಂತೆಗೆ ನಡೆದು ಬಂದವರು ಯಾರೇ ಇರಲಿ, ನೆರಳಿಗೆ ಕೂತು ದಣಿವಾರಿಸಿಕೊಳ್ಳಲಿ, ಬೆಂಚು ಹಾಕಿಸುತ್ತೇವೆ ಎಂದರು. ಆ ಬಾವಿ ತೋಡಿದವರು, ಆ ತೋಟಕ್ಕೆ ಮಣ್ಣು ಹೊತ್ತವರು ನಮ್ಮ ಕೇರಿಯವರು. ಕೊಟ್ಟದ್ದು ಇಷ್ಟು. ಬಾವಿಯ ಹಗ್ಗ ಮಾಲಿಯ ಕೈಯಲ್ಲಿ. ಕಬ್ಬಿಣದ ಬೆಂಚು ಎರಡು, ಎರಡೂ ದೊಡ್ಡವರಿಗೆ. ನಮ್ಮವ್ವ ದುರಗವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಅದರ ತುದಿಗೆ ಕೂತದ್ದಕ್ಕೆ ಮಾಲಿ ಓಡಿ ಬಂದು ಎಬ್ಬಿಸಿದ, ಅವಳೆದುರೇ ಬೆಂಚಿಗೆ ನೀರು ಸುರಿದ. ಕೂಡಲೇಬೇಕಾದರೆ ಗೋಡೆಯಾಚೆ ಧೂಳಿನಲ್ಲಿ ಕೂಡಬಹುದಂತೆ.

ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಆದರೂ ಮೊದಲು ಬರೆದೆ. ಯಾವ ಸಭೆಯಲ್ಲೇ ಆಗಲಿ, ಕೊಟ್ಟ ಮಾತು ಯಾವುದು, ತಪ್ಪಿದ ಮಾತು ಯಾವುದು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು, ಕಣ್ಣೀರು ಆಮೇಲೆ ಎಂದು ಕಲಿಸಿದವನು ನೀನೇ ಅಲ್ಲವೇ? ಬದುಕಿದ್ದಾಗ ನೀನು ಎಷ್ಟು ಬೈದರೂ ನನ್ನ ನಾಲಗೆ ‘ರಿ’ ಬಿಡಲಿಲ್ಲ. ಇವತ್ತು ನೀನು ಎಂದೇ ಬರೆಯುತ್ತಿದ್ದೇನೆ. ಸಿಟ್ಟಾಗಲಿಕ್ಕೆ ನೀನಿಲ್ಲ ಎಂದಲ್ಲ. ನೀನು ಕೇಳಿದ್ದು ಇದನ್ನೇ.

ಜೇಲಿನ ಆ ಉದ್ದನೆಯ ಹಲಗೆ ನೆನಪಾಗುತ್ತದೆ. ಬಿಳಿಯರ ಸರಕಾರದ ವಿರುದ್ಧ ಕೂಗಿದ್ದಕ್ಕೆ ಇಬ್ಬರನ್ನೂ ಒಳಗೆ ಹಾಕಿದ್ದರು. ನೀನು ಸಾರವಾಡದ ಲಿಂಗವಂತ ಒಕ್ಕಲಿಗ, ಹೊಲ ಮನೆ ಇದ್ದವನು. ನಾನು ಟಿಕೋಟಾದ ಊರ ಹೊರಗಿನ ಕೇರಿಯ ಯಲ್ಲಪ್ಪ. ಇಬ್ಬರಿಗೂ ಬಡಿಗತನದ ಶೆಡ್ಡಿನಲ್ಲಿ ಕೆಲಸ ಹಚ್ಚಿದರು. ಮೊದಲ ದಿನ ಊಟದ ಹೊತ್ತಿಗೆ ಎಲ್ಲರೂ ಹಲಗೆಯ ಮೇಲೆ ಕೂತರು, ನಾನು ರೂಢಿಯಂತೆ ನೆಲಕ್ಕೆ ಕೂತೆ. ನೀನು ತಾಟು ಹಿಡಿದುಕೊಂಡು ಎದ್ದು ಬಂದು ನನ್ನ ಬಾಜೂಕ್ಕೆ ನೆಲಕ್ಕೇ ಕೂತೆ. ಗಬಗಬನೆ ಉಂಡೆ. ಎರಡನೆಯ ದಿನ ನಿನ್ನನ್ನು ನೆಲದಿಂದ ಎಬ್ಬಿಸಲಿಕ್ಕೆ ನಾನೇ ಹಲಗೆಯ ಮೇಲೆ ಕೂಡಬೇಕಾಯಿತು. ಇಂಥ ಹಟಮಾರಿತನವನ್ನು ಯಾರ ಹತ್ತಿರ ಕಲಿತಿದ್ದೆಯೋ...

ಬಿಡುಗಡೆಯಾಗಿ ಇಬ್ಬರೂ ಆ ತೋಟದ ಬಾಗಿಲಿಗೆ ಬಂದ ಮುಂಜಾನೆಯೂ ಹಾಗೇ ಕಣ್ಣ ಮುಂದಿದೆ. ಮಾಲಿ ನಿನಗೆ ಕಬ್ಬಿಣದ ಬೆಂಚು ತೋರಿಸಿದ, ನನಗೆ ಗೋಡೆ ತೋರಿಸಿದ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ.

“ಸರಕಾರದ ಜೇಲ ಬೇಷಿತ್ತಲೇ ಯಲ್ಲ್ಯಾ. ಅಲ್ಲಿ ಬಾಜೂಕ ಕೂಡ್ತಿದ್ವಿ.”

ಅವತ್ತೇ ನಮ್ಮಿಬ್ಬರ ಜಗಳ ಶುರುವಾಯಿತು. ಕಬ್ಬಿಣದ ಬೆಂಚಿನ ಮೇಲೆಯೇ ಹೋಗಿ ಕೂಡೋಣ, ಹೊಡೆದರೆ ಹೊಡೆಯಲಿ ಎಂಬುದು ನನ್ನ ವಾದ. ನೀನು ಮೊದಲು ಸಾವಕಾರರನ್ನು ಅವರ ಮಾತಿನಲ್ಲೇ ಹಿಡಿಯಬೇಕು ಎಂದೆ. ಯುದ್ಧಕ್ಕೆ ಕಬ್ಬಿಣವೆಲ್ಲ ಹೋಗಿದೆ, ಇನ್ನೊಂದು ಬೆಂಚು ಎಲ್ಲಿಂದ ತರಲಿ ಎಂದು ಸಾವಕಾರರು ಅಡತಿ ಅಂಗಡಿಯ ಮುಂದೆ ನಾಲ್ಕು ಜನರೆದುರು ಕೈ ಚೆಲ್ಲಿದರು. ನೀನು ಅದಕ್ಕೇ ಕಾದು ನಿಂತಿದ್ದೆ. ಕಟ್ಟಿಗೆ ನಂದು, ದುಡಿಮೆ ನಮ್ಮಿಬ್ಬರದು, ಜಾಗ ಎಲ್ಲರದು ಅಂತ ನೀವೇ ಹೇಳಿದ್ದೀರಿ, ಇನ್ನೇನು ಅಡ್ಡಿ ಎಂದು ಕೇಳಿದೆ. ಹತ್ತಿ ಮಾರಲು ಬಂದ ನಿಡೋಣಿಯ ರೈತರೆಲ್ಲ ಕೇಳಿಸಿಕೊಂಡರು. ಸಾವಕಾರರು ಹೂಂ ಎನ್ನದೆ ಏನು ಮಾಡಿಯಾರು?

ಆ ಬೇಸಿಗೆಯ ಬಿರುಗಾಳಿಗೆ ನಿನ್ನ ಹೊಲದ ಬದುವಿನ ಬೇವಿನ ಗಿಡ ಬಿದ್ದಿತ್ತು. ಎರಡು ಆಳು ತಬ್ಬಿದರೂ ಸಾಲದ ಕಾಂಡ. ಸೌದೆ ಅಡ್ಡೆಗೆ ಹಾಕೋಣ ಎಂದು ನಿನ್ನ ತಮ್ಮ ಶಿವಪ್ಪ ದುಂಬಾಲು ಬಿದ್ದ. ಈ ಗಿಡದ ನೆರಳಿನಲ್ಲಿ ನಾವು ಕಂಬಳಿಯ ಮೇಲೆ ಕೂತು ಉಂಡಿದ್ದೇವೆ, ಕೂಲಿಯವರು ಬಿಸಿಲಿಗೆ ಕೂತು ಉಂಡಿದ್ದಾರೆ, ಇನ್ನಾದರೂ ಈ ಗಿಡ ಅವರನ್ನು ಹತ್ತಿರ ಕೂಡಿಸಿಕೊಳ್ಳಲಿ ಎಂದೆಯಂತೆ. ನೀನು ಹಾಗೆಂದೆ ಎಂದು ಶಿವಪ್ಪನೇ ನನಗೆ ಸಿಟ್ಟಿನಿಂದ ಹೇಳಿದ್ದ.

ಕೊಯ್ಯುವ ದಿನ ಬಂತು. ತೆಗ್ಗು ತೋಡಿ ಅದರ ಮೇಲೆ ಕೊರಡನ್ನು ಅಡ್ಡ ಇಟ್ಟಿದ್ದೆವು. ಒಬ್ಬ ಕೊರಡಿನ ಮೇಲೆ ನಿಂತು, ಒಬ್ಬ ತೆಗ್ಗಿನಲ್ಲಿ ನಿಂತು ಗರಗಸ ಎಳೆಯಬೇಕು. ಮೇಲಿನವನಿಗೆ ಕೊಯ್ಯುವ ಗೆರೆ ಕಾಣುತ್ತದೆ, ಗಾಳಿ ಬೀಸುತ್ತದೆ. ಕೆಳಗಿನವನ ಕಣ್ಣು, ಮೂಗು, ಬಾಯಿಗೆಲ್ಲ ಹೊಟ್ಟು. ತೆಗ್ಗಿಗೆ ಯಾರು ಇಳಿಯಬೇಕು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ, ಕೇಳುವ ಮುಂಚೆಯೇ ಕೇರಿಯವನು ಇಳಿದಿರುತ್ತಾನೆ. ನಾನೂ ಧೋತರ ಎತ್ತಿ ಕಟ್ಟಿಕೊಂಡು ತಿರುಗಿದೆ. ತೆಗ್ಗಿನಲ್ಲಿ ನೀನು ನಿಂತಿದ್ದೆ.

“ಹತ್ತಲೇ ಮ್ಯಾಲ.”

ಬಬಲೇಶ್ವರದ ದಾರಿಯಲ್ಲಿ ಹೋಗುವ ಚಕ್ಕಡಿಗಳು ನಿಂತವು. ಕೇರಿಯ ಮನುಷ್ಯನ ಕಾಲು ನಿನ್ನ ತಲೆಯ ಮೇಲೆ! ಶಿವಪ್ಪ ತೆಗ್ಗಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಅಂಗಲಾಚಿದ.

“ಅಣ್ಣಾ, ಕಣ್ಣು ಮಂಜಾಗ್ಯಾವು, ಗೆರಿ ಕಾಣೂದಿಲ್ಲ ಅಂತರ ಹೇಳೋ. ಮಂದಿ ಸುಮ್ನಾಗ್ತಾರ.”

“ನನ್ನ ಕಣ್ಣು ಬೇಷ ಕಾಣ್ತಾವು. ಅದಕ್ಕ ಇಳದೇನಿ.”

ನಾನು ಕೊರಡು ಹತ್ತಿ ಗರಗಸ ಹಿಡಿದೆ, ಕಾಕಾ. ಸ್ವಲ್ಪ ಹೊತ್ತಿಗೆ ನೀನು ಹುಬ್ಬು ಮೀಸೆಯೆಲ್ಲ ಹೊಟ್ಟು ಮೆತ್ತಿಕೊಂಡು, ಕಹಿ ಉಗುಳುತ್ತ, ಇವತ್ತೇನು ಯುಗಾದಿಯೇ ಎಂದು ಕೇಳಿದೆ. ದಾರಿಯಲ್ಲಿ ನಿಂತವರೂ ನಕ್ಕುಬಿಟ್ಟರು. ನಕ್ಕ ಮೇಲೆ ಸಿಟ್ಟು ಮಾಡುವುದು ಕಷ್ಟ. ಚಕ್ಕಡಿಗಳು ಹೊರಟವು. ನಿನ್ನ ಧೈರ್ಯಕ್ಕಿಂತ ನಿನ್ನ ಈ ಚಾಲಾಕಿಗೆ ನಾನು ಹೆಚ್ಚು ಸೋತವನು.

ಹಲಗೆಗಳ ತುದಿಗೆ ಸೆಗಣಿ ಮೆತ್ತಿ ನೆರಳಿನಲ್ಲಿ ಒಣಗಲು ಬಿಟ್ಟೆವು, ಸೀಳಬಾರದೆಂದು. ಒಣಗಿದ ಮೇಲೆ ತೊಗಟೆ ಸುಲಿದು, ಅಂಚು ನೆಟ್ಟಗೆ ಮಾಡಲು ನಾನು ದಾರ ಹಿಡಿದರೆ ನೀನು ಕಿತ್ತುಕೊಂಡೆ. ಗಿಡ ಹೇಗೆ ಡೊಂಕಾಗಿ ಬೆಳೆದಿದೆಯೋ ಹಾಗೆಯೇ ಇರಲಿ, ನೆಟ್ಟಗೆ ಕೆತ್ತಿದರೆ ಒಬ್ಬರ ಜಾಗ ಹೊಟ್ಟಾಗಿ ಹೋಗುತ್ತದೆ ಎಂದೆ. ಎಷ್ಟು ಸುಲಭಕ್ಕೆ ಹೇಳಿಬಿಟ್ಟೆ! ಕಬ್ಬಿಣದ ಮೊಳೆ ಸಿಗದ ಕಾಲ, ಜಾಲಿಯ ಬೆಣೆ ಬಡಿದೆವು. ಕಾಲುಗಳ ಬುಡವನ್ನು ಸುಟ್ಟು ಕರಿ ಮಾಡಿ ತೋಟದ ನೆಲದೊಳಗೆ ಹುಗಿದೆವು. ಯಾರೂ ಎತ್ತಿ ಒಗೆಯಬಾರದು ಎಂದು ಬೇಕೆಂದೇ ಭಾರ ಮಾಡಿದ್ದೆವು. ನಿಜ ಹೇಳಲೇ? ನೀನೇನು ದೊಡ್ಡ ಬಡಿಗನಲ್ಲ. ಒಂದು ಕಾಲು ಗಿಡ್ಡವಾಗಿ ಬೆಂಚು ಪಡುವಣಕ್ಕೆ ವಾಲಿತು. ಸರಕಾರ ಪುಕ್ಕಟೆ ಕಲಿಸಿದ ವಿದ್ಯೆ ಇಷ್ಟೇ ಎಂದು ಹೆಗಲು ಕುಣಿಸಿ, ಆ ವಾಲಿದ ತುದಿಯನ್ನೇ ನಿನ್ನ ಜಾಗ ಮಾಡಿಕೊಂಡೆ.

ಎತ್ತಲಾಗದ ಬೆಂಚನ್ನು ಅವರು ಮಾತಿನಿಂದ ಎತ್ತಿದರು. ‘ಅದು ಅವರ ಬೆಂಚು’ ಎಂದರು. ಅಷ್ಟೇ. ಎಲ್ಲರಿಗೆಂದು ಮಾಡಿದ್ದನ್ನು ಒಂದೇ ಮಾತಿನಲ್ಲಿ ಕೇರಿಗೆ ದೂಡಿದರು. ತೋಟದೊಳಗೆ ಇನ್ನೊಂದು ಕೇರಿ ಹುಟ್ಟಿತು. ಕಬ್ಬಿಣದ ಬೆಂಚಿಗೇ ಹೋಗಿ ಕೂತಿದ್ದರೆ ಹೀಗಾಗುತ್ತಿತ್ತೇ ಎಂದು ನಾನು ನಿನ್ನ ಮೇಲೆ ಹರಿಹಾಯ್ದೆ. ನೀನು ಐತವಾರ ಐತವಾರ ಸಂತೆಗೆ ಬಂದೆ, ನಮ್ಮ ನಡುವೆ ಕೂತೆ, ಶೇಂಗಾ ಸುಲಿದೆ, ಹೋದೆ. ನಿಮ್ಮವರು ಬೇರೆ ಯಾರೂ ಬರಲಿಲ್ಲ. ನಿನ್ನ ಹೆಂಡತಿ ಗಂಗವ್ವ ಕೂಡ ಚೀಲ ಹಿಡಿದುಕೊಂಡು ದೂರ ನಿಲ್ಲುತ್ತಿದ್ದಳು, ಬಿಸಿಲಿನಲ್ಲಿ. ಕರೆಯಬಾರದೇ ಎಂದು ಕೇಳಿದ್ದೆ.

“ಕೂಡು ಅಂತ ಹೇಳಿಸಿಕೊಂಡು ಕೂತ್ರ ಅದೇನ ಕೂತಂಗಲೇ? ಆಕೀ ಕಾಲು ನೋಯಲಿ, ಆಕೀನ ಬರ್ತಾಳ.”

ಬರಲಿಲ್ಲ. ನೀನು ಇರುವ ತನಕ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಜ್ವರ ನಿನ್ನನ್ನು ಒಯ್ದಿತು. ನಿಮ್ಮವರ ಪದ್ಧತಿಯಂತೆ ನಿನ್ನನ್ನು ಕೂಡಿಸಿಯೇ ನಿನ್ನ ಹೊಲಕ್ಕೆ ಹೊತ್ತರು. ಹೆಗಲು ಕೊಡಲು ಬಂದ ನಮ್ಮನ್ನು ಶಿವಪ್ಪ ದೂರ ನಿಲ್ಲಿಸಿದ. ಜನ ಜೊತೆಯಾಗಿ ಕೂಡಬೇಕೆಂದು ಬಡಿದಾಡಿದವನು ನಮ್ಮ ಮುಂದೆಯೇ ಒಬ್ಬನೇ ಕೂತುಕೊಂಡು ಹೋದೆ. ಬದುವಿನಲ್ಲಿ ಆ ಗಿಡವಿದ್ದ ಜಾಗ ಬರಿದಾಗಿತ್ತು. ನಾವು ಬಿಸಿಲಿಗೇ ನಿಂತು ನೋಡಿದೆವು.

ಆಮೇಲಿನ ಐತವಾರಗಳಲ್ಲಿ ನಾವು ನಿನ್ನ ಜಾಗವನ್ನು ಖಾಲಿ ಬಿಟ್ಟೆವು. ಯಾರೂ ಹಾಗೆ ಗೊತ್ತು ಮಾಡಿದ್ದಲ್ಲ. ಕೂಡಲು ಮನಸ್ಸು ಬರಲಿಲ್ಲ. ಯಾರೋ ಒಂದು ಮುಂಜಾನೆ ಅಲ್ಲಿ ಚೆಂಡುಹೂ ಇಟ್ಟರು. ಮುಂದಿನ ವಾರ ವಿಭೂತಿಯೂ ಬಂತು. ತಿಳಿಯದೆ ಅಲ್ಲಿ ಕೂತ ಒಬ್ಬ ಮುದುಕನನ್ನು ನಮ್ಮವರೇ ಎಬ್ಬಿಸಿದರು. ನಿನ್ನ ಮೇಲಿನ ಪ್ರೀತಿಗೆ, ಕಾಕಾ. ಆ ಮಾಲಿ ಆ ಕಡೆ ನಿಂತು ನಗುತ್ತಿದ್ದ. ಯಾಕೆ ನಗುತ್ತಾನೆ ಎಂದು ನಮಗೆ ಹೊಳೆಯಲೇ ಇಲ್ಲ.

ಸ್ವಾತಂತ್ರ್ಯ ಬಂತು. ಇದು ನಿನಗೆ ತಿಳಿಯದ ಸುದ್ದಿ. ಆದರೆ ನಾನು ಕಾಗದ ಹಿಡಿದದ್ದು ಇದಕ್ಕಲ್ಲ. ಬಾವುಟ ಏರಿಸಿದ ದಿನ ಸಾವಕಾರರ ತೋಟದಲ್ಲೂ ಸಭೆಯಾಯಿತು. ಕಬ್ಬಿಣದ ಬೆಂಚುಗಳ ಮೇಲೆ ದೊಡ್ಡವರು, ಮುಂದೆ ಜಮಖಾನೆಯ ಮೇಲೆ ಅವರ ಮನೆಯ ಹೆಂಗಸರು. ಇನ್ನು ಮೇಲೆ ಎಲ್ಲರೂ ಸಮಾನರು ಎಂದು ಭಾಷಣ. ನಾವು ಬೇವಿನ ಬೆಂಚಿನ ಮೇಲೆ ನಿನ್ನ ಜಾಗ ಬಿಟ್ಟು ಇಕ್ಕಟ್ಟಾಗಿ ಕೂತಿದ್ದೆವು. ಅವ್ವ ತಡವಾಗಿ ಬಂದಳು. ಜಾಗ ಸಾಲದೆ ಬೆಂಚಿನ ಬುಡಕ್ಕೆ ನೆಲಕ್ಕೆ ಕೂತಳು.

ಆಗ ಗಂಗವ್ವ ಬಂದಳು. ನೀನು ಹೋದ ಮೇಲೆ ಮೊದಲ ಸಲ ವಿಜಾಪುರಕ್ಕೆ ಬಂದಿದ್ದಳು, ಹಿಂದೆ ಶಿವಪ್ಪ. ಜಮಖಾನೆಯ ಮೇಲಿನ ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಅವಳು ಅವರನ್ನು ದಾಟಿ ನೆಟ್ಟಗೆ ನಮ್ಮ ಹತ್ತಿರ ನಡೆದು ಬಂದು ಅವ್ವನ ಮುಂದೆ ನಿಂತಳು.

“ನೆಲಕ್ಕ ಯಾಕ ಕೂತೀ ಬೇ ದುರಗವ್ವ?”

“ಅದು ನಿಮ್ಮ ಯಜಮಾನ್ರ ಜಾಗಾರಿ ಯವ್ವಾ. ಅಲ್ಲಿ ಯಾರೂ ಕೂಡೂದಿಲ್ಲ.”

ಗಂಗವ್ವ ಹೂವನ್ನು ನೋಡಿದಳು, ವಿಭೂತಿಯನ್ನು ನೋಡಿದಳು. ನಮ್ಮ ಒಬ್ಬೊಬ್ಬರ ಮುಖ ನೋಡಿದಳು.

“ಈಕಿ ನೆಲಕ್ಕ ಕೂತಾಳಂತ ಅವ ಗಿಡ ಕೊಯ್ದಾ. ಈಗ ಅವನ ಹೆಸರಲೇ ಈಕೀನ್ನ ಮತ್ತ ನೆಲಕ್ಕ ಕೂಡಿಸೀರಿ. ಆ ಮಾಲಿಗೂ ನಿಮಗೂ ಏನ ಫರಕೈತಿ?”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವಳು ಹೂವನ್ನು ಬಾಚಿ ಉಡಿಗೆ ಹಾಕಿಕೊಂಡಳು, ಸೆರಗಿನಿಂದ ವಿಭೂತಿ ಒರೆಸಿದಳು. ಅವ್ವನ ರಟ್ಟೆ ಹಿಡಿದು ಎಬ್ಬಿಸಿ ಆ ವಾಲಿದ ತುದಿಗೆ ಕೂಡಿಸಿದಳು.

“ಸರೀ ಬೇ ಅತ್ತಾಗ. ನನ್ನ ಕಾಲೂ ನೋಯಾಕತ್ತಾವು.”

ಕೂತಳು, ಕಾಕಾ. ಯಾರೂ ಕರೆಯಲಿಲ್ಲ. ಅವಳೇ ಬಂದು ಕೂತಳು. ನೀನು ಹೇಳಿದ್ದ ಹಾಗೇ.

ಸಾವಕಾರರ ಗುಮಾಸ್ತ ಓಡಿ ಬಂದು, ಜಮಖಾನೆಯ ಮೇಲೆ ಜಾಗವಿದೆ, ಇದು ಅವರ ಬೆಂಚು ಎಂದು ಮೆಲ್ಲಗೆ ಹೇಳಿದ. ಗಂಗವ್ವ ಮೆಲ್ಲಗೆ ಮಾತಾಡುವವಳೇ? ಗಿಡ ನಮ್ಮದು, ತೆಗ್ಗಿನಲ್ಲಿ ನಿಂತವನು ನನ್ನ ಗಂಡ, ಅವರದು ಎಂದು ಬರೆದುಕೊಟ್ಟವರು ಯಾರು ಎಂದು ಇಡೀ ತೋಟಕ್ಕೆ ಕೇಳುವಂತೆ ಅಂದಳು. ಇನ್ನೊಬ್ಬರಿಗೆ ಜಾಗವಿದೆ, ಸಾವಕಾರರು ಬಂದು ಕೂಡಲಿ ಎಂದಳು. ಸಾವಕಾರರು ಬರಲಿಲ್ಲ. ಆದರೆ ಕಳ್ಳಕವಟಗಿಯಿಂದ ನಡೆದು ಬಂದಿದ್ದ ನಿಮ್ಮ ಜಾತಿಯವರದೇ ಮನೆಯ ಹೆಂಗಸೊಬ್ಬಳು ಗಂಟು ಹೊತ್ತು ಅಲ್ಲೇ ನಿಂತಿದ್ದಳು. ಗಂಗವ್ವನನ್ನು ನೋಡಿದಳು, ಅವ್ವನನ್ನು ನೋಡಿದಳು, ಗಂಟು ಇಳಿಸಿ ಕೂತೇ ಬಿಟ್ಟಳು. ನೀನು ಕೆತ್ತಲು ಬಿಡದ ಆ ಡೊಂಕಿನಲ್ಲಿ ಅವಳಿಗೂ ಜಾಗವಿತ್ತು.

ಎಲ್ಲ ಗೆದ್ದೆವು ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ಕಬ್ಬಿಣದ ಬೆಂಚು ಇನ್ನೂ ಅವರದೇ. ಬಾವಿಯ ಹಗ್ಗ ಇನ್ನೂ ಮಾಲಿಯ ಕೈಯಲ್ಲೇ. ಶಿವಪ್ಪ ಕೂಡಲಿಲ್ಲ, ಬೆಂಚಿನ ಹಿಂದೆ ಅಡಿಕೆ ಅಗಿಯುತ್ತ ನಿಂತಿದ್ದ. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು, ಗಿಡದ ಅರ್ಧ ಕೊರಡು ಮೇವಿನ ಬಣವೆಯ ಹಿಂದೆ ಹಾಗೇ ಬಿದ್ದಿದೆ ಎಂದ. ಅದನ್ನು ಸೌದೆಗೆ ಹಾಕದೆ ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದ? ನಾನು ಕೇಳಲಿಲ್ಲ. ತೆಗ್ಗಿಗೆ ಯಾರು ಇಳಿಯುತ್ತಾರೆ ಎಂದು ಮಾತ್ರ ಕೇಳಿದೆ. ಅವನು ಬೇರೆ ಕಡೆ ನೋಡುತ್ತ ಹೇಳಿದ.

“ಮೊದಲಿನ ಪಾಳಿ ನಂದು.”

ಎರಡನೆಯ ಬೆಂಚನ್ನು ಮೂಲೆಯಲ್ಲಿ ಹುಗಿಯುವುದಿಲ್ಲ. ಆ ಎರಡು ಕಬ್ಬಿಣದ ಬೆಂಚುಗಳ ನಡುವೆ ಹುಗಿಯುತ್ತೇವೆ. ಯಾವುದು ಯಾರದು ಎಂದು ಹೇಳಲು ಬರಬಾರದು, ಮೂರರ ಮೇಲೂ ಕೂಡುತ್ತೇವೆ. ನಿನ್ನ ವಾದ ಗೆದ್ದಿತೋ ನನ್ನದೋ? ಇಬ್ಬರದೂ ಬೇಕಾಯಿತು, ನೋಡು. ಜಾಗ ಎಲ್ಲರದು ಎಂಬ ಆ ಹಳೆಯ ಮಾತನ್ನು ಸಾವಕಾರರ ಬಾಯಿಂದ ಇನ್ನೊಮ್ಮೆ ಹೇಳಿಸಲಿಕ್ಕೆ ಸಭೆ ಕರೆದಿದ್ದೇವೆ. ಅವರ ಅಂಗಡಿಯಲ್ಲಲ್ಲ, ತೋಟದಲ್ಲಿ. ಗಂಗವ್ವ ಬರುತ್ತಾಳೆ, ಅವ್ವ ಬರುತ್ತಾಳೆ.

ಬರುವ ಐತವಾರ, ಮುಂಜಾನೆ ಒಂಬತ್ತು ಗಂಟೆಗೆ, ಬೇವಿನ ಬೆಂಚಿನ ಮೇಲೆ. ನಿನಗೆಂದು ಜಾಗ ಹಿಡಿದಿಡುವುದಿಲ್ಲ, ಕಾಕಾ.

ನಿನ್ನ
ಯಲ್ಲಪ್ಪ