ಮೇನ್ ಸ್ವಿಚ್ಚಿಗೆ ಕಟ್ಟಿದ ರಟ್ಟು

11 ಸೆಪ್ಟೆಂಬರ್ 2025, ಗುರುವಾರ

ಪ್ರಶ್ನೆಪತ್ರಿಕೆ ನಾಳೆ ಬೆಳಿಗ್ಗೆ ಹೆಡ್‌ಮಾಸ್ಟರ್ ಕೈಯಲ್ಲಿರಬೇಕು. ಅದಿರುವುದು ಮನೆಯ ಕಂಪ್ಯೂಟರಿನಲ್ಲಿ. ಸಂಜೆ ಅಪ್‌ಡೇಟ್ ಅರ್ಧ ಆಗಿದ್ದಾಗ ಗುಡುಗಿತು, ಮಾವ ಎದ್ದು ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು, ಗುಡುಗಿದರೆ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಮತ್ತೆ ಆನ್ ಮಾಡಿದರೆ ಬರೀ ಕಪ್ಪು ಪರದೆ.

“ಆಫ್ ಮಾಡಬೇಡಿ ಅಂತ ಅದ್ರಲ್ಲೇ ಬರೆದಿತ್ತಲ್ಲ ಮಾವ,” ಅಂದೆ.

“ಇಂಗ್ಲಿಷಲ್ಲಿ ಬರೆದಿದ್ರೆ ನಂಗೇನಮ್ಮ ಗೊತ್ತಾಯ್ತದೆ? ನಾವು ಕಂಬ ಹತ್ತೋಕ್ ಮುಂಚೆ ಸ್ವಿಚ್ಚಿಗೆ ಬೋರ್ಡ್ ಕಟ್ತಿದ್ವಿ. ಮೇಲೆ ಆಳಿದ್ದಾನೆ ಅಂತ ಕೆಳಗಿರೋನಿಗೆ ಹೆಂಗ್ ತಿಳೀಬೇಕು?”

ಮತ್ತೆ ಕಂಪ್ಯೂಟರಿನ ಮುಂದೆ ಕೂತೆ.

ಫೋನ್ ನೋಡಿಕೊಂಡು ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿ, ಮೂರನೇ ಸಲಕ್ಕೆ ರಿಪೇರಿಯ ಪರದೆ ಬಂತು. ಅರ್ಧಕ್ಕೆ ನಿಂತ ಅಪ್‌ಡೇಟನ್ನು ತೆಗೆದುಹಾಕಲು ಕೊಟ್ಟೆ. ಚಕ್ರ ತಿರುಗತೊಡಗಿತು. ಈ ಕಡೆ ನೋಡಿದರೆ ಮಾವ ಸೀರೆ ಡಬ್ಬದ ರಟ್ಟು ಹರಿದು ಮೇನ್ ಸ್ವಿಚ್ಚಿಗೆ ಕಟ್ಟುತ್ತಿದ್ದಾರೆ. ‘ಕೆಲಸ ನಡೆಯುತ್ತಿದೆ, ಮುಟ್ಟಬೇಡಿ.’ ಕೆಳಗೆ ಸಹಿ, ಮುನಿಶಾಮಪ್ಪ.

“ಕಟ್ಟಿದೋನೇ ಬಿಚ್ಬೇಕು. ನೀನು ಮುಟ್ಬೇಡ.”

ಎಂಟೂವರೆಗೆ ಕಂಪ್ಯೂಟರ್ ಎದ್ದಿತು. ಪ್ರಶ್ನೆಪತ್ರಿಕೆ ಇದೆ, ಕೊನೆಯ ಎರಡು ಪ್ರಶ್ನೆ ಇಲ್ಲ. ಅವನ್ನು ಮತ್ತೆ ಬರೆದೆ. ಅಪ್‌ಡೇಟ್ ಮಾಡಲೇ ಎಂದು ಅದು ಆಗಲೇ ಇನ್ನೊಮ್ಮೆ ಕೇಳಿತು. ಭಾನುವಾರ ನೋಡೋಣ.

ಗುಡುಗು ನಿಂತಿರಲಿಲ್ಲ. ಮಾವ ಸ್ವಿಚ್ಚಿನ ಕೆಳಗೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಮುಗಿಯಿತೆಂದು ಎಬ್ಬಿಸಿದೆ. ಪೂರ್ತಿ ಎಚ್ಚರವಾಗದೆಯೇ ಮೇಲೆ ನೋಡಿ ಕೇಳಿದರು: “ಎಲ್ಲಾ ಇಳಿದ್ರಾ?”

“ಇಳಿದ್ವಿ ಮಾವ,” ಅಂದೆ.

ಆಮೇಲೇ ರಟ್ಟಿನ ಗಂಟಿಗೆ ಕೈ ಹಾಕಿದರು.