ಪರೀಕ್ಷೆಯ ದಿನದ ಜ್ವರ

ಅಪ್ಪಾ,

ನೀವು ತೀರಿಕೊಂಡ ಮೇಲೆ ಇದೇ ಮೊದಲ ಸಲ ಇನ್‌ಸ್ಪೆಕ್ಟರು ಮಕ್ಕಳ ಓದು ಪರೀಕ್ಷಿಸಲು ಶಾಲೆಗೆ ಬಂದಿದ್ದರು. ನೀವು ಹೆಡ್‌ಮಾಸ್ಟರಾಗಿದ್ದಷ್ಟು ವರ್ಷವೂ ಸುತ್ತಲಿನ ಒಂಬತ್ತು ಶಾಲೆಗಳಲ್ಲಿ ನಾವೇ ಮೊದಲು. ಈ ಸಲ ಅದು ತಪ್ಪಿತು. ತಪ್ಪಿಸಿದವಳು ನಾನು, ಈಗ ಅಲ್ಲೇ ಟೀಚರಾಗಿರುವ ನಿಮ್ಮ ಮಗಳು.

ನಿನ್ನೆಯೇ ಹಿರಿಯ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದಿದ್ದರು. "ಓದೋಕೆ ತಡವರಿಸೋ ಮಕ್ಕಳಿಗೆಲ್ಲ ನಾಳೆ ಜ್ವರ ಅಂತ ಮನೇಲಿರೋಕೆ ಹೇಳಿಬಿಡಮ್ಮ. ನಿಮ್ಮಪ್ಪ ಹಾಕ್ಕೊಟ್ಟ ದಾರಿ."

ತಲೆಯಾಡಿಸಿದೆ, ಆದರೆ ಯಾರಿಗೂ ಹೇಳಲಿಲ್ಲ. ತಡವರಿಸುವ ಆರು ಮಕ್ಕಳೂ ಬಂದರು. ಅವರಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನಾಲ್ಕು ಸಾಲು ಓದಿ ಮುಗಿಸುವಷ್ಟರಲ್ಲಿ ಇನ್‌ಸ್ಪೆಕ್ಟರ ಚಹಾ ಆರಿಹೋಗಿತ್ತು. "ನಿಮ್ಮ ಸ್ಕೂಲು ಹೀಗಿರ್ಲಿಲ್ವಲ್ಲಮ್ಮ," ಎಂದು ಎದ್ದರು. ಹುಡುಗಿ ಮಾತ್ರ ಪುಸ್ತಕ ಮುಚ್ಚದೆ ಐದನೇ ಸಾಲಿಗೆ ಬೆರಳಿಟ್ಟು ಕಾಯುತ್ತಿದ್ದಳು.

ಸಂಜೆ ಆ ಹುಡುಗಿಯನ್ನು ಕರೆದೊಯ್ಯಲು ಅವಳ ಅಕ್ಕ ಬಂದಳು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತು, ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು.

"ಇವಳನ್ನ ಬರಬೇಡ ಅನ್ಲಿಲ್ವೇನೇ ನೀನು?"

"ಇಲ್ಲ."

ಅವಳು ನಕ್ಕಳು. "ಇನ್‌ಸ್ಪೆಕ್ಟ್ರು ಬರೋ ದಿನ ನಾನು ಕಂಬಳಿ ಹೊದ್ದು ಮಲಗಿಬಿಡ್ತಿದ್ದೆ ಕಣೇ. ನಂಗೆ ನಿಜವಾಗ್ಲೂ ಜ್ವರ ಅಂದ್ಕೊಂಡಿದ್ದೆ."

ಅಪ್ಪಾ, ನಾಳೆ ನಿನಗೆ ಜ್ವರ ಎಂದು ಹೇಳಿಬರಲು ಪ್ರತಿ ವರ್ಷ ನೀವು ಅವಳ ಮನೆಗೆ ಕಳಿಸುತ್ತಿದ್ದುದು ನನ್ನನ್ನು. ಅದನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂಗಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, "ನಾಳೆ ಬೇಗ ಕಳಿಸ್ತೀನಿ," ಎಂದು ಹೊರಟಳು.