ಹಲಗೆಯಲ್ಲಿ ನಮ್ಮೂರು ಹಸಿರು

ಕಡಲು ಒಳಬಂದ ನೂರಾ ಹತ್ತನೇ ವರ್ಷ, ಹದಿನಾಲ್ಕನೇ ತಿಂಗಳು

ಪ್ರೀತಿಯ ಶರಣ್ಯಾ,

ಹದಿನಾಲ್ಕನೇ ತಿಂಗಳು ಎಂದರೆ ನಗಬೇಡ. ಮಳೆ ಮುಗಿಯದ್ದಕ್ಕೆ ನಾವು ವರ್ಷಕ್ಕೆ ಎರಡು ತಿಂಗಳು ಸೇರಿಸಿಕೊಂಡಿದ್ದೇವೆ. ನನ್ನ ಮಾತುಗಳೂ ನಿನಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೋ. ವರಸೆಯಲ್ಲಿ ನೀನು ನನ್ನ ಅಜ್ಜಿಯ ಅಜ್ಜಿ, ಆದರೆ ಈ ಪತ್ರ ತಲುಪಬೇಕಾದ ನಿನ್ನ ಕಾಲದಲ್ಲಿ ನಿನ್ನ ವಯಸ್ಸು ನನ್ನ ಮೊಮ್ಮಗಳಷ್ಟು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ನಮ್ಮೂರು ಕಡಲಗೋಡೆಯ ಹಿಂದೆ, ನೀರಿನ ಮಟ್ಟಕ್ಕಿಂತ ಕೆಳಗಿದೆ. ಗೋಡೆಯ ಬಾಗಿಲುಗಳನ್ನು ತೆರೆದು ಮುಚ್ಚುವ ಯಂತ್ರ ದಿನಾ ಬೆಳಿಗ್ಗೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ನೀವು ಟೆಸ್ಟ್ ಎನ್ನುವುದನ್ನು ನಾವು ‘ಒರೆ’ ಎನ್ನುತ್ತೇವೆ. ಒರೆಯ ಫಲಿತಾಂಶ ತಾನಾಗಿ ಗುಡ್ಡದ ಮೇಲಿನ ದೋಣಿಕಟ್ಟೆಗೆ ಹೋಗಬೇಕು, ಅದಕ್ಕೆ ‘ಏರಿಕೆ’ ಎಂದು ಹೆಸರು. ಅಲ್ಲಿನ ಹಲಗೆಯಲ್ಲಿ ಊರಿಗೊಂದು ದೀಪ; ಒರೆ ಸೋತು ನಮ್ಮೂರು ಕೆಂಪಾದರೆ ದೋಣಿಗಳು ತಾವೇ ಬಿಚ್ಚಿಕೊಂಡು ಬರುತ್ತವೆ. ಹಸಿರಿದ್ದರೆ ಯಾರು ಎಳೆದರೂ ಕದಲುವುದಿಲ್ಲ. ಮಕ್ಕಳು ಹಲ್ಲುಜ್ಜುತ್ತಾ ಬಾಗಿಲುಗಳ ಸದ್ದಿಗೆ ಕಿವಿಗೊಡುತ್ತಾರೆ. ಒರೆ ಮುಗಿದ ಮೇಲೆಯೇ ಗಂಜಿಗೆ ಒಲೆ ಹೊತ್ತಿಸುವುದು ನಮ್ಮ ರೂಢಿ.

ಈಗ ಒಂದು ಬಾಗಿಲು ಮುಚ್ಚುತ್ತಿಲ್ಲ. ಒರೆ ಸೋಲುತ್ತಲೇ ಇದೆ. ನಡೆದುಹೋಗುವ ದಾರಿ ಮುಳುಗಿದೆ. ದೋಣಿ ಮಾತ್ರ ಬರಲಿಲ್ಲ. ಕಟ್ಟೆ ಕಾಯುವ ಸಂಪತನಿಗೆ ಕರೆ ಮಾಡಿದೆ.

“ಎಂತ ಅಜ್ಜಿ, ನಿಮ್ಮೂರು ಹಸಿರೇ ಉಂಟಲ್ಲ ಮಾರಾಯ್ರೆ! ಗಂಜಿ ಉಂಡು ಮಲಗಿ ನೀವು.”

“ಹಸಿರು ನಿನ್ನ ಹಲಗೆಯಲ್ಲಿ ಉಂಟು ಮಾರಾಯಾ, ನೀರು ನನ್ನ ಅಡುಗೆಮನೆಯಲ್ಲಿ ಉಂಟು!”

ಅವನ ನಗು ನಿಂತಿತು. ದೋಣಿಯ ಬೀಗಕ್ಕೆ ಕಲ್ಲು ಎತ್ತಿ ಹಾಕಿದನಂತೆ, ಬಿಚ್ಚಲಿಲ್ಲ.

ಆಮೇಲೆ ಯಂತ್ರವನ್ನು ನಡೆಸಲು ಬರೆದಿಟ್ಟ ಆದೇಶದ ಸಾಲುಗಳನ್ನು ಓದಲು ಕೂತೆ. ಶಾಲೆ ಕಂಡವಳಲ್ಲ ನಾನು, ಅವರಿವರನ್ನು ಕೇಳಿ, ಕೆದಕಿ ಕಲಿತವಳು. ಮೊದಲು ಒರೆ, ಆಮೇಲೆ ಏರಿಕೆ ಎಂದಿತ್ತು. ಒರೆ ಸೋತರೆ ಎಲ್ಲವೂ ಅಲ್ಲೇ ನಿಲ್ಲುತ್ತದೆ, ಏರಿಕೆಯ ಸರದಿಯೇ ಬರುವುದಿಲ್ಲ. ಗೆದ್ದ ಸುದ್ದಿ ಮಾತ್ರ ಗುಡ್ಡ ಹತ್ತುತ್ತದೆ. ಸುದ್ದಿ ಬಾರದ ದಿನ ಹಲಗೆ ಹಳೆಯ ಹಸಿರನ್ನೇ ತೋರಿಸುತ್ತದೆ. ತಿದ್ದೋಣವೆಂದರೆ, ತಿದ್ದುಪಡಿ ಜಾರಿಯಾಗುವ ಮೊದಲು ಅದೂ ಒರೆ ಗೆಲ್ಲಬೇಕು. ಬಾಗಿಲು ಮುಚ್ಚದೆ ಯಾವ ಒರೆಯೂ ಗೆಲ್ಲದು.

ಆ ಸಾಲಿನ ಪಕ್ಕ ನಿನ್ನ ಹೆಸರಿತ್ತು. ಬೈಯುವುದಿಲ್ಲ ಮಗಾ. ನೀನು ಬರೆದದ್ದು ಯಾವುದೋ ಹೂವಿನ ಅಂಗಡಿಯ ಆರ್ಡರ್‌ಗಳಿಗೆ. ಅಲ್ಲಿ ಒಂದು ದಿನ ಸುದ್ದಿ ಬಾರದಿದ್ದರೆ ಯಾರಿಗೇನು? ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು, ಓದದೆ, ಅದನ್ನು ಕಡಲಗೋಡೆಯ ಯಂತ್ರದವರೆಗೆ ತಂದರು.

ಒರೆ ಸೋತರೂ ಫಲಿತಾಂಶ ಹೋಗಲಿ, ಸೋತಾಗ ಮೊದಲು ಹೋಗಲಿ ಎಂದು ಒಂದು ಸಾಲು ಸೇರಿಸು. ಕೇಳುವುದು ಇಷ್ಟೇ. ನೀನು ಸೇರಿಸಿದ್ದರೆ ಇಷ್ಟರಲ್ಲಿ ನನ್ನ ಮೆಟ್ಟಿಲಿಗೆ ದೋಣಿ ಬಂದಿರುತ್ತಿತ್ತು ಎಂಬುದೂ ನನಗೆ ಗೊತ್ತು. ಅಲ್ಲಿ ನೀರಷ್ಟೇ ಇದೆ.

ಮಾಳಿಗೆಯಲ್ಲಿ ಮೊಮ್ಮಗಳು ಹಸಿ ಬಾಣಂತಿ. ಸೋರುವ ಮಳೆಗೆ ಒದ್ದೆಯಾದ ನೆಲಕ್ಕೆ ಇಳಿಸದೆ ಮಗುವನ್ನು ಎತ್ತಿ ಹಿಡಿದು ಅವಳ ತೋಳು ಸೋತಿದೆ. ಇನ್ನು ನಾನು ಹಿಡಿಯಬೇಕು, ಮೇಲೆ ಹೋಗುತ್ತೇನೆ.

ನಿನ್ನ,
ವಾರಿಜಾ